ಗೋಳಗಳ ಅಜ್ಞಾತ ವಿದ್ಯುದಾವೇಶದ ನಿರ್ಣಯ

ಎರಡು ಗೋಳಗಳು ಒಂದನ್ನೊಂದು ಸೆಳೆಯುವ ಅಥವಾ ತಳ್ಳುವ ಬಲವನ್ನು ಅಳೆದು, ಅವುಗಳಲ್ಲಿರುವ ವಿದ್ಯುದಾವೇಶವನ್ನು ಲೆಕ್ಕದಿಂದ ಕಂಡುಹಿಡಿಯುವ ವಿಧಾನ. ಇದಕ್ಕೆ ಆಧಾರ ಕೂಲಂಬ್ ನಿಯಮ: ಬಲವು ಆವೇಶಗಳ ಗುಣಲಬ್ಧಕ್ಕೆ ಅನುಲೋಮ, ದೂರದ ವರ್ಗಕ್ಕೆ ವಿಲೋಮ. ವಿಚಿತ್ರವೆಂದರೆ, ನಿಯಮ ರೂಪುಗೊಂಡ ಕಾಲಕ್ಕೆ ಆವೇಶವನ್ನು ಅಳೆಯಲು ಒಂದು ಏಕಮಾನವೂ ಇರಲಿಲ್ಲ.

ಟೊಳ್ಳು ವಾಹಕದ ಒಳಗೆ ವಿದ್ಯುತ್ ಬಲ ಕಾಣದಿರುವುದನ್ನು ಗಮನಿಸಿದ ಜೋಸೆಫ್ ಪ್ರೀಸ್ಟ್ಲಿ, ಈ ಬಲವೂ ಗುರುತ್ವದಂತೆ ದೂರದ ವರ್ಗಕ್ಕೆ ವಿಲೋಮವಾಗಿರಬೇಕೆಂದು 1767ರಲ್ಲೇ ಊಹಿಸಿದ. ಹೆನ್ರಿ ಕ್ಯಾವೆಂಡಿಶ್ 1770ರ ದಶಕದ ಆರಂಭದಲ್ಲಿ ಒಂದರೊಳಗೊಂದು ಗೋಳವಿಟ್ಟು ಅದನ್ನು ಬಹು ನಿಖರವಾಗಿ ಪರೀಕ್ಷಿಸಿದ. ಆದರೆ ಫಲಿತಾಂಶವನ್ನು ಪ್ರಕಟಿಸಲಿಲ್ಲ. ಮ್ಯಾಕ್ಸ್‌ವೆಲ್ 1879ರಲ್ಲಿ ಹೊರತಂದ ಮೇಲಷ್ಟೇ ಅದು ಜಗತ್ತಿಗೆ ತಿಳಿಯಿತು.

ಹೀಗಾಗಿ ಹೆಸರು ಬಂದದ್ದು ಫ್ರಾನ್ಸಿನ ಸೇನಾ ಎಂಜಿನಿಯರ್ ಶಾರ್ಲ್ ಕೂಲಂಬ್‌ಗೆ. 1785ರಲ್ಲಿ ಆತ ಬಳಸಿದ ತಿರುಚು ತಕ್ಕಡಿಯಲ್ಲಿ ಸಣ್ಣ ಬೆಂಡಿನ ಗುಂಡೊಂದು ತೆಳು ಬೆಳ್ಳಿ ತಂತಿಗೆ ತೂಗುಬಿಟ್ಟ ಕಡ್ಡಿಯ ತುದಿಯಲ್ಲಿತ್ತು. ಸಮಾನ ಆವೇಶ ಪಡೆದ ಎರಡು ಗುಂಡುಗಳು 36 ಡಿಗ್ರಿ ದೂರ ಸರಿದವು. ಅವನ್ನು 18 ಡಿಗ್ರಿಗೆ ತರಲು ಒಟ್ಟು 144 ಡಿಗ್ರಿ, 8.5 ಡಿಗ್ರಿಗೆ ತರಲು 575.5 ಡಿಗ್ರಿ ತಿರುಚು ಬೇಕಾಯಿತು. ತಂತಿಯ ತಿರುಚೇ ಬಲದ ಅಳತೆ: ದೂರ ಅರ್ಧವಾದಾಗ ಬಲ ನಾಲ್ಕು ಪಟ್ಟು. ಪ್ರಕಟವಾದದ್ದು ಈ ಮೂರೇ ಅಳತೆಗಳು! ಎರಡು ಶತಮಾನಗಳ ಬಳಿಕ ಜರ್ಮನಿಯಲ್ಲಿ ಪೀಟರ್ ಹೀರಿಂಗ್ ಉಪಕರಣವನ್ನು ಮರುನಿರ್ಮಿಸಿದಾಗ ಇಂಥ ಅಚ್ಚುಕಟ್ಟಾದ ಅಂಕಿಗಳು ದೊರೆಯಲಿಲ್ಲ.

ಏಕಮಾನವಿಲ್ಲದ ಕೊರತೆಯನ್ನು ತುಂಬಿದ್ದು ಸ್ಪರ್ಶ. ಒಂದೇ ಗಾತ್ರದ, ಒಂದೇ ಬಗೆಯ ಎರಡು ವಾಹಕ ಗೋಳಗಳು ತಾಗಿದರೆ ಒಟ್ಟು ಆವೇಶ ಸಮನಾಗಿ ಹಂಚಿಹೋಗುತ್ತದೆ. ಇಂದಿನ ಪಠ್ಯಪುಸ್ತಕಗಳ ಲೆಕ್ಕ ಹುಟ್ಟಿದ್ದು ಇಲ್ಲಿಂದ. 30 ಸೆಂ.ಮೀ. ಅಂತರದ ಎರಡು ಸಣ್ಣ ಗೋಳಗಳು 0.4 ನ್ಯೂಟನ್ ಬಲದಿಂದ ಆಕರ್ಷಿಸುತ್ತವೆ. ತಾಗಿಸಿ ಮತ್ತೆ ಅಷ್ಟೇ ದೂರ ಇಟ್ಟಾಗ 0.225 ನ್ಯೂಟನ್‌ನಿಂದ ವಿಕರ್ಷಿಸುತ್ತವೆ ಎನ್ನೋಣ. ಮೊದಲ ಬಲ ಆವೇಶಗಳ ಗುಣಲಬ್ಧವನ್ನೂ ಎರಡನೆಯದು ಮೊತ್ತವನ್ನೂ ಕೊಡುತ್ತದೆ. ವರ್ಗ ಸಮೀಕರಣ ಬಿಡಿಸಿದರೆ ಒಂದರಲ್ಲಿ 4, ಇನ್ನೊಂದರಲ್ಲಿ 1 ಮೈಕ್ರೊಕೂಲಂಬ್, ಚಿಹ್ನೆಗಳು ವಿರುದ್ಧ. ಯಾವುದು ಧನ, ಯಾವುದು ಋಣ ಎಂಬುದನ್ನಾಗಲಿ, ಹೆಚ್ಚು ಆವೇಶ ಯಾವ ಗೋಳದ್ದು ಎಂಬುದನ್ನಾಗಲಿ ಈ ಬಲಗಳು ಹೇಳಲಾರವು. ಅದಕ್ಕೆ ರೇಷ್ಮೆಯಿಂದ ಉಜ್ಜಿದ ಗಾಜಿನ ಕಡ್ಡಿಯಂಥ ಮೂರನೆಯ ಸಾಕ್ಷಿ ಬೇಕು.

ಗಾತ್ರ ಬೇರೆಯಾದರೆ ಅಥವಾ ಗೋಳಗಳು ತೀರ ಹತ್ತಿರ ಬಂದರೆ ಈ ಸರಳತೆ ಉಳಿಯದು: ಒಂದರ ಪ್ರಭಾವದಿಂದ ಇನ್ನೊಂದರ ಮೇಲಿನ ಆವೇಶ ಮೇಲ್ಮೈಯಲ್ಲಿ ಸರಿದಾಡುತ್ತದೆ. ಸ್ಪರ್ಶದಲ್ಲಿರುವ ಗೋಳಗಳ ಗಣಿತವನ್ನು ಪ್ವಾಸೊನ್ 19ನೆಯ ಶತಮಾನದ ಎರಡನೆಯ ದಶಕದಲ್ಲಿ ಬಿಡಿಸಿದ. ವಿಲಿಯಂ ಥಾಮ್ಸನ್ ಪ್ರತಿಬಿಂಬ ವಿಧಾನದಿಂದ 1853ರಲ್ಲಿ ಗೋಳಗಳ ನಡುವಿನ ಬಲವನ್ನೇ ಲೆಕ್ಕಹಾಕಿದ. ಇದೇ ಹಾದಿಯಲ್ಲಿ ಜಾನ್ ಲೆಕ್ನರ್ 2012ರಲ್ಲಿ ತೋರಿಸಿದಂತೆ, ಒಂದೇ ಚಿಹ್ನೆಯ ಆವೇಶವುಳ್ಳ ಎರಡು ವಾಹಕ ಗೋಳಗಳು ಕೂಡ ಅತಿ ಸಮೀಪದಲ್ಲಿ ಪರಸ್ಪರ ಆಕರ್ಷಿಸುತ್ತವೆ. ಅವು ತಾಗಿದಾಗ ಹಂಚಿಕೊಳ್ಳುವ ಪ್ರಮಾಣದಲ್ಲೇ ಆವೇಶ ಹೊಂದಿದ್ದರೆ ಮಾತ್ರ ಇದಕ್ಕೆ ಅಪವಾದ.