ದುರ್ಗಮಪಥದ ಪತ್ರಿಕೆಗಳೂ ಅವುಗಳ ಸಂಪಾದಕರೂ

ಮಹಾಯುದ್ಧವು ಮುಗಿದ 1945ರಲ್ಲಿ ಸೇನೆಯ ಜೀಪು ನಾಗರಿಕ ರೂಪವನ್ನು ತಳೆದು ಅಮೆರಿಕದ ರೈತರ ಅಂಗಳಕ್ಕೆ ಬಂದಿತು. ಮೂರು ವರ್ಷಗಳ ತರುವಾಯ ಲ್ಯಾಂಡ್ ರೋವರ್ ಆಮ್‌ಸ್ಟರ್‌ಡ್ಯಾಮಿನ ಪ್ರದರ್ಶನದಲ್ಲಿ ಮೊದಲ ಬಾರಿಗೆ ಜನರ ಕಣ್ಣಿಗೆ ಬಿದ್ದಿತು. ಹೊರೆ ಎಳೆಯುವುದಕ್ಕೂ ಹಾದಿಯಿಲ್ಲದ ಕಡೆ ಹೋಗಿಬರುವುದಕ್ಕೂ ನಿರ್ಮಿತವಾದ ಈ ಒರಟು ವಾಹನಗಳ ವಿಷಯವಾಗಿ ಪತ್ರಿಕೆಗಳು ಹೊರಟಾವೆಂದೂ, ಅವನ್ನು ತಿಂಗಳು ತಿಂಗಳೂ ಕಾದಿದ್ದು ಓದುವ ಜನ ಹುಟ್ಟಿಯಾರೆಂದೂ ಆ ಕಾಲದಲ್ಲಿ ಊಹಿಸುವಂತಿರಲಿಲ್ಲ. ಉಪಕರಣವು ಅನುರಾಗದ ವಸ್ತುವಾಗುವವರೆಗೆ ಅದಕ್ಕೊಂದು ಸಾಹಿತ್ಯವು ಉದಿಸದು. 1953ರಲ್ಲಿ ಕ್ಯಾಲಿಫೋರ್ನಿಯದ ಮಾರ್ಕ್ ಸ್ಮಿತ್ ಎಂಬವರು ಜಾರ್ಜ್‌ಟೌನಿನ ತಮ್ಮ ನೆರೆಹೊರೆಯವರನ್ನು ಕೂಡಿಕೊಂಡು, ಸಿಯೆರಾ ನೆವಾಡಾ ಪರ್ವತದ ಬಂಡೆಗಲ್ಲುಗಳ ರೂಬಿಕಾನ್ ಹಾದಿಯಲ್ಲಿ ಜೀಪುಗಳ ಯಾತ್ರೆಯೊಂದನ್ನು ಹೊರಡಿಸಿದಾಗ, ಆ ಅನುರಾಗವು ಮೊದಲ ಬಾರಿಗೆ ಒಂದು ಸಾರ್ವಜನಿಕ ಉತ್ಸವದ ಆಕಾರವನ್ನು ಪಡೆಯಿತು.

1962ರಲ್ಲಿ ಹೊರಟ ‘ಫೋರ್ ವೀಲರ್’ ಮಾಸಪತ್ರಿಕೆಯು ಈ ಕ್ಷೇತ್ರದ ಹಿರಿಯ ಪತ್ರಿಕೆಗಳಲ್ಲೊಂದು. ಅದು ಹುಟ್ಟಿದ ಕಾಲವನ್ನು ಸ್ಮರಿಸಿದರೆ ಅದರ ಸ್ವಭಾವವೂ ಅರ್ಥವಾಗುತ್ತದೆ: ಇಂಟರ್‌ನ್ಯಾಷನಲ್ ಕಂಪನಿಯ ಸ್ಕೌಟ್ ಹಿಂದಿನ ವರ್ಷವಷ್ಟೇ ಮಾರುಕಟ್ಟೆಗೆ ಬಂದಿತ್ತು, ಫೋರ್ಡ್ ಬ್ರಾಂಕೊ ಬರಲು ಇನ್ನೂ ಮೂರು ವರ್ಷಗಳಿದ್ದವು. ಗುಜರಿಯಿಂದ ತಂದ ಆಕ್ಸಲನ್ನು ತನ್ನ ಚಾಸಿಸಿಗೆ ಹೊಂದಿಸಿಕೊಳ್ಳುವ ಬಗೆ, ಮುರಿದ ಸ್ಪ್ರಿಂಗ್ ಪಟ್ಟಿಯನ್ನು ಕಾಡಿನ ನಡುವೆ ಬಿಗಿದು ಮನೆ ಸೇರುವ ಬಗೆ, ಕೆಸರಿನಲ್ಲಿ ಹೂತ ಗಾಡಿಯನ್ನು ವಿಂಚಿನ ಹಗ್ಗದಿಂದ ಯಾವ ಮರಕ್ಕೆ ಕಟ್ಟಿ ಎಳೆಯಬೇಕೆಂಬ ವಿವೇಕ, ಇವೆಲ್ಲ ಅಂದು ಬಾಯಿಂದ ಬಾಯಿಗೆ ಸಾಗುತ್ತಿದ್ದ ವಿದ್ಯೆಗಳು. ನಮ್ಮ ಕೊಡಗು ಮಲೆನಾಡುಗಳ ಕಾಫಿತೋಟಗಳಲ್ಲಿ ಜೀಪಿನ ವಿದ್ಯೆಯು ಗ್ಯಾರೇಜಿನ ಮೇಸ್ತ್ರಿಯಿಂದ ಶಿಷ್ಯನಿಗೆ ಇಳಿದುಬಂದಿರುವಂತೆಯೇ ಅಲ್ಲಿಯೂ ಇಳಿಯುತ್ತಿತ್ತು. ಅದನ್ನು ಅಕ್ಷರಕ್ಕೆ ಇಳಿಸಿ, ಅಪರಿಚಿತನಾದ ದೂರದ ಓದುಗನ ಕೈಗೂ ಮುಟ್ಟಿಸಿದ್ದು ಈ ಪತ್ರಿಕೆಗಳ ಪ್ರಥಮ ಪುಣ್ಯಕಾರ್ಯವೆಂದು ನಾನು ಭಾವಿಸುತ್ತೇನೆ. ಇಂಥ ಪತ್ರಿಕೆಯ ಸಂಪಾದಕನು ತಾನೇ ವಾಹನವನ್ನಿಟ್ಟುಕೊಂಡು, ಕೆಡಿಸಿ, ರಿಪೇರಿ ಮಾಡಿ ಬಲ್ಲವನಾಗಿರದಿದ್ದರೆ ಅವನ ಮಾತಿಗೆ ಓದುಗರಲ್ಲಿ ಪ್ರಾಮಾಣ್ಯವು ದೊರೆಯುವ ಸಂಭವವಿರಲಿಲ್ಲ.

1967ರಲ್ಲಿ ಮೆಕ್ಸಿಕೋದ ಬಾಹಾ ಪರ್ಯಾಯದ್ವೀಪದ ಉದ್ದಕ್ಕೂ ನಡೆದ ಮೊದಲ ಮಹಾಸ್ಪರ್ಧೆಯಲ್ಲಿ, ಫೋಕ್ಸ್‌ವ್ಯಾಗನ್ನಿನ ಯಂತ್ರವನ್ನು ಹೊತ್ತ ಒಂದು ಹಗುರವಾದ ಮೇಯರ್ಸ್ ಮ್ಯಾಂಕ್ಸ್ ಬಗ್ಗಿಯು ಘನವಾಹನಗಳನ್ನೆಲ್ಲ ಹಿಂದಿಕ್ಕಿ 27 ಗಂಟೆ 38 ನಿಮಿಷಗಳಲ್ಲಿ ಗುರಿ ಮುಟ್ಟಿತು. ಮರಳುಗಾಡಿನ ವೇಗವು ಪತ್ರಿಕೆಗಳ ಮುಖಪುಟವನ್ನು ಆಕ್ರಮಿಸಿದ್ದು ಆ ಬಳಿಕ. ಪತ್ರಿಕಾಕರ್ತರಿಗೂ ಕ್ರೀಡೆಗೂ ನಡುವೆ ಇದ್ದ ಗೆರೆ ಆ ವರ್ಷಗಳಲ್ಲಿ ಎಷ್ಟು ತೆಳುವಾಗಿತ್ತೆಂದರೆ, ‘ಹಾಟ್ ರಾಡ್’ ಪತ್ರಿಕೆಯ ಪ್ರಕಾಶಕರಾಗಿದ್ದ ಸಾಲ್ ಫಿಶ್ ಅವರು 1974ರಲ್ಲಿ ಆ ಹುದ್ದೆಯನ್ನು ಬಿಟ್ಟು ಮರಳುಗಾಡಿನ ಸ್ಪರ್ಧೆಗಳನ್ನು ನಡೆಸುವ ಸ್ಕೋರ್ ಸಂಸ್ಥೆಯ ಆಡಳಿತವನ್ನೇ ವಹಿಸಿಕೊಂಡರು. ಜೀನ್ ಕ್ಯಾಲ್ವಿನ್ ಅವರನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು. ಪುರುಷರದೇ ಎಂದು ಎಣಿಸಲ್ಪಟ್ಟಿದ್ದ ಈ ಲೋಕದಲ್ಲಿ ಆಕೆ ಸ್ವತಃ ಚಕ್ರವನ್ನು ಹಿಡಿದು ಮರಳುಗಾಡಿನಲ್ಲಿ ಸ್ಪರ್ಧಿಸಿದವರು, ಮತ್ತು 1983ರಲ್ಲಿ ‘ಡಸ್ಟಿ ಟೈಮ್ಸ್’ ಪತ್ರಿಕೆಯನ್ನು ಸ್ಥಾಪಿಸಿದವರು. ಸ್ಪರ್ಧೆಯ ವರದಿಯನ್ನು ಸ್ಪರ್ಧಿಯೇ ಬರೆದಾಗ ಧೂಳಿನ ರುಚಿಯೂ ಅದರೊಳಗೆ ಬಂದಿರುತ್ತದೆ.

‘ಹಾಟ್ ರಾಡ್’ನ ಸ್ಥಾಪಕ ರಾಬರ್ಟ್ ಪೀಟರ್‌ಸನ್ನರ ಸಂಸ್ಥೆಯು 1970ರ ದಶಕದ ಉತ್ತರಾರ್ಧದಲ್ಲಿ ‘4-ವೀಲ್ ಅಂಡ್ ಆಫ್-ರೋಡ್’ ಎಂಬ ಪ್ರತಿಸ್ಪರ್ಧಿಯನ್ನು ಕಣಕ್ಕಿಳಿಸಿದ ಮೇಲೆ ‘ಫೋರ್ ವೀಲರ್’ಗೂ ಅದಕ್ಕೂ ನಡುವೆ ದೀರ್ಘಕಾಲದ ಪೈಪೋಟಿಯು ನೆಲೆಗೊಂಡಿತು. ಸಂಪಾದಕವರ್ಗಗಳ ಮನೋಧರ್ಮವು ಎಷ್ಟು ಭಿನ್ನವಾಗಿರಬಹುದೆಂಬುದನ್ನು ಅವು ಏರ್ಪಡಿಸಿದ ಎರಡು ಉತ್ಸವಗಳಿಂದ ಅಳೆಯಬಹುದು. 1993ರಲ್ಲಿ ‘ಫೋರ್ ವೀಲರ್’ ಆರಂಭಿಸಿದ ‘ಟಾಪ್ ಟ್ರಕ್ ಚಾಲೆಂಜ್’ನಲ್ಲಿ ಓದುಗರ ಮತದಿಂದ ಆಯ್ಕೆಯಾದ ದೈತ್ಯವಾಹನಗಳು ಹಾಲಿಸ್ಟರ್ ಹಿಲ್ಸ್ ಎಂಬಲ್ಲಿ ಕೆಸರು ಬಂಡೆಗಳೊಡನೆ ಸೆಣಸಿ, ಹಲವು ವೇಳೆ ಮುರಿದು ಬೀಳುತ್ತಿದ್ದವು. 2000ದಲ್ಲಿ ಪೀಟರ್‌ಸನ್ ಪತ್ರಿಕೆಯು ತೊಡಗಿಸಿದ ‘ಅಲ್ಟಿಮೇಟ್ ಅಡ್ವೆಂಚರ್’ನಲ್ಲಾದರೋ ಸಂಪಾದಕರೂ ಓದುಗರೂ ಒಟ್ಟಾಗಿ, ದಾರಿಯನ್ನು ಮುಂಚೆ ತಿಳಿಯದೆ, ಒಂದು ವಾರ ಪರ್ಯಂತ ಹೆದ್ದಾರಿಯಲ್ಲಿಯೂ ದುರ್ಗಮಪಥದಲ್ಲಿಯೂ ಸಂಚರಿಸಬೇಕಾಗಿತ್ತು, ಮುರಿದುದನ್ನು ದಾರಿಯಲ್ಲೇ ಸರಿಪಡಿಸಿಕೊಂಡು ಮುಂದೆ ಸಾಗುವುದೇ ಅಲ್ಲಿಯ ಧರ್ಮ. ಡೇವಿಡ್ ಫ್ರೈಬರ್ಗರ್ ಸಂಪಾದಕಪೀಠವನ್ನು ಬಿಟ್ಟು ‘ಹಾಟ್ ರಾಡ್’ಗೆ ತೆರಳಿದ ಬಳಿಕ ‘4-ವೀಲ್ ಅಂಡ್ ಆಫ್-ರೋಡ್’ನ ಸಾರಥ್ಯ ವಹಿಸಿದ ರಿಕ್ ಪೀವೇ ಅವರು ಈ ಯಾತ್ರೆಗಳಿಗೂ ಮುಂದಾಳಾಗಿದ್ದರು. ಎರಡರಲ್ಲಿ ನನ್ನ ಒಲವು ಎರಡನೆಯದರ ಕಡೆಗೆ. ಸಂಪಾದಕನು ತೀರ್ಪುಗಾರನ ಆಸನವನ್ನು ಬಿಟ್ಟು ಸಹಯಾತ್ರಿಕನಾದಾಗ ಪತ್ರಿಕೆಯ ಭಾಷೆಯೇ ಬದಲಾಗುತ್ತದೆ.

ನೆಲದ ಪ್ರಶ್ನೆಯೊಂದು ಈ ಎಲ್ಲ ಉತ್ಸಾಹದ ಬೆನ್ನಿಗೇ ಬೆಳೆಯುತ್ತಿತ್ತು. 1972ರಲ್ಲಿ ಅಧ್ಯಕ್ಷ ನಿಕ್ಸನ್ ಅವರ ಆಜ್ಞೆಯು ಸರಕಾರಿ ಭೂಮಿಯಲ್ಲಿ ಇಂಥ ವಾಹನಗಳ ಸಂಚಾರಕ್ಕೆ ಕಟ್ಟುಪಾಡುಗಳನ್ನು ವಿಧಿಸಲು ಇಲಾಖೆಗಳಿಗೆ ಸೂಚಿಸಿದಾಗ, ಚಕ್ರವು ಎಲ್ಲಿ ಬೇಕಾದರೂ ಹರಿಯಬಹುದೆಂಬ ಭಾವನೆಗೆ ಮೊದಲ ದೊಡ್ಡ ತಡೆ ಬಿದ್ದಿತು. ಹಾದಿಗಳು ಮುಚ್ಚಿಹೋದರೆ ಪತ್ರಿಕೆಯೇ ಉಳಿಯದಾದಕಾರಣ ಸಂಪಾದಕನು ವಕೀಲನೂ ಆಗಬೇಕಾಯಿತು. ಆದರೆ ಹಕ್ಕನ್ನು ಸಾಧಿಸುವ ಲೇಖನಕ್ಕಿಂತ ಹೊಣೆಯನ್ನು ಕಲಿಸುವ ಲೇಖನವು ಕಷ್ಟತರವಾದುದು. 1985ರಲ್ಲಿ ಅಲ್ಲಿಯ ಅರಣ್ಯ ಇಲಾಖೆಯು ‘ಟ್ರೆಡ್ ಲೈಟ್ಲಿ’ ಎಂಬ ಪ್ರಚಾರವನ್ನು ಆರಂಭಿಸಿ, ಗುರುತಿನ ಹಾದಿಯನ್ನು ಬಿಟ್ಟು ಹೊಸ ಗಾಲಿಗೆರೆಗಳನ್ನು ಎಳೆಯಬಾರದೆಂಬ ಶೀಲವನ್ನು ಬೋಧಿಸಿತು. ಹಸಿ ಹುಲ್ಲುಗಾವಲನ್ನು ಉತ್ತುಹಾಕುವ ಚಿತ್ರವನ್ನು ಮುಖಪುಟಕ್ಕೆ ತರುವ ಸಂಪಾದಕನು ಆ ಶೀಲಕ್ಕೆ ದ್ರೋಹ ಬಗೆದಂತೆಯೇ ಸರಿ.

ಇಂಗ್ಲೆಂಡಿನ ಕಥೆಯು ಬೇರೊಂದು ಬಗೆಯದು, ಏಕೆಂದರೆ ಅಲ್ಲಿ ಒಂದೇ ಕಂಪನಿಯ ವಾಹನದ ಮೇಲಣ ಪ್ರೀತಿಯು ಹಲವು ಪತ್ರಿಕೆಗಳನ್ನು ಪೋಷಿಸಿತು. 1987ರಲ್ಲಿ ‘ಲ್ಯಾಂಡ್ ರೋವರ್ ಓನರ್’ ಪತ್ರಿಕೆಯನ್ನು ಹುಟ್ಟುಹಾಕಿದ ರಿಚರ್ಡ್ ಹವೆಲ್-ಥಾಮಸ್ ಅವರು, ಅದು ಇಮ್ಯಾಪ್ ಎಂಬ ದೊಡ್ಡ ಸಂಸ್ಥೆಯ ಪಾಲಾದ ಮೇಲೆ, 1998ರಲ್ಲಿ ‘ಲ್ಯಾಂಡ್ ರೋವರ್ ಮಂತ್ಲಿ’ಯನ್ನು ಹೊರಡಿಸಿ ತಾವೇ ಸೃಷ್ಟಿಸಿದ್ದ ಪತ್ರಿಕೆಗೆ ತಾವೇ ಎದುರಾಳಿಯಾದರು. ವಾಹನದ ಇತಿಹಾಸವನ್ನು ಆಮೂಲಾಗ್ರವಾಗಿ ಶೋಧಿಸಿದ ಜೇಮ್ಸ್ ಟೇಲರ್ ಅವರು ‘ಲ್ಯಾಂಡ್ ರೋವರ್ ಎಂಥೂಸಿಯಾಸ್ಟ್’ನ ಸಂಪಾದಕರಾಗಿ ವಿದ್ವಾಂಸನ ಶಿಸ್ತನ್ನು ಈ ಕ್ಷೇತ್ರಕ್ಕೆ ತಂದರು. 2008ರಲ್ಲಿ ಲ್ಯಾಂಡ್ ರೋವರ್ ಕಂಪನಿಯು ನಮ್ಮ ಟಾಟಾ ಮೋಟರ್ಸಿನ ಒಡೆತನಕ್ಕೆ ಬಂದುದೂ, 2016ರ ಜನವರಿ 29ರಂದು ಸೋಲಿಹಲ್ ಕಾರ್ಖಾನೆಯಿಂದ ಹಳೆಯ ಡಿಫೆಂಡರ್‌ನ ಕೊನೆಯ ಗಾಡಿ ಹೊರಬಂದುದೂ ಈ ಪತ್ರಿಕೆಗಳ ಓದುಗರಿಗೆ ಮನೆಯೊಳಗಿನ ಸಂಗತಿಗಳಾಗಿದ್ದವು. ಆಸ್ಟ್ರೇಲಿಯದಲ್ಲಿ ರಾನ್ ಮೂನ್ ಅವರು ‘4x4 ಆಸ್ಟ್ರೇಲಿಯ’ದ ಸಂಪಾದಕರಾಗಿದ್ದು, ಪತ್ನಿ ವಿವ್ ಅವರೊಡಗೂಡಿ ಆ ಖಂಡದ ಒಳನಾಡಿನ ಹಾದಿಗಳಿಗೆ ಕೈಪಿಡಿಗಳನ್ನೂ ರಚಿಸಿದರು.

ಅಮೆರಿಕದ ಪತ್ರಿಕೆಗಳಿಗೆ ಸಂಪಾದಕರಿಗಿಂತ ಒಡೆಯರೇ ಬೇಗ ಬೇಗ ಬದಲಾಗತೊಡಗಿದ್ದು ಶತಮಾನದ ಅಂತ್ಯದಲ್ಲಿ. ಪೀಟರ್‌ಸನ್ ಸಂಸ್ಥೆಯನ್ನು ಇಂಗ್ಲೆಂಡಿನ ಅದೇ ಇಮ್ಯಾಪ್ ಕೊಂಡುಕೊಂಡಿತು. ‘ಫೋರ್ ವೀಲರ್’ ಸಹ ಅದೇ ಸೂರಿನಡಿ ಸೇರಿ, ಎರಡು ಹಳೆಯ ಪ್ರತಿಸ್ಪರ್ಧಿಗಳು ಒಬ್ಬ ಯಜಮಾನನ ಆಳುಗಳಾದವು. 2001ರಲ್ಲಿ ಅವು ಪ್ರೈಮೀಡಿಯಾದ ಕೈಗೂ 2007ರಲ್ಲಿ ಸೋರ್ಸ್ ಇಂಟರ್‌ಲಿಂಕ್‌ನ ಕೈಗೂ ಹೋದವು. 2019ರ ಡಿಸೆಂಬರಿನಲ್ಲಿ, ಆಗಿನ ಒಡೆಯರಾದ ಟೆನ್ ಪಬ್ಲಿಷಿಂಗ್‌ನವರು ತಮ್ಮ 22 ಪತ್ರಿಕೆಗಳಲ್ಲಿ 19ರ ಮುದ್ರಣವನ್ನು ಒಂದೇ ಪ್ರಕಟಣೆಯಿಂದ ನಿಲ್ಲಿಸಿದರು. ‘4-ವೀಲ್ ಅಂಡ್ ಆಫ್-ರೋಡ್’ ಅಳಿಯಿತು. ಜೀಪಿಗೇ ಮೀಸಲಾಗಿದ್ದ ‘ಜೆಪಿ’ ಅಳಿಯಿತು. ಉಳಿಸಿಕೊಂಡ ಮೂರರಲ್ಲಿ ‘ಫೋರ್ ವೀಲರ್’ ಒಂದು. ಓದುಗರು ಯಾರನ್ನು ಹೆಸರು ಹಿಡಿದು ಬಲ್ಲವರಾಗಿದ್ದರೋ ಆ ಸಂಪಾದಕರ ಪುಟಗಳನ್ನು, ಅವರನ್ನರಿಯದ ಲೆಕ್ಕದ ಪುಸ್ತಕವು ಮುಚ್ಚಿಬಿಟ್ಟದ್ದು ನನಗೆ ಇಂದಿಗೂ ದುಃಖದ ವಿಷಯವಾಗಿದೆ.

ಇದಕ್ಕೆ ಒಂದು ದಶಕಕ್ಕೂ ಹೆಚ್ಚು ಕಾಲ ಮೊದಲೇ ಅರಿಜೋನಾದಲ್ಲಿ ಸ್ಕಾಟ್ ಬ್ರೇಡಿಯವರು ಜೊನಾಥನ್ ಹ್ಯಾನ್ಸನ್ನರ ಸಂಪಾದಕತ್ವದಲ್ಲಿ ‘ಓವರ್‌ಲ್ಯಾಂಡ್ ಜರ್ನಲ್’ ಎಂಬ ಪತ್ರಿಕೆಯನ್ನು ಆರಂಭಿಸಿದ್ದರು. ಒಳ್ಳೆಯ ಕಾಗದ, ವಿಸ್ತಾರವಾದ ಛಾಯಾಚಿತ್ರಗಳು, ಸಾವಧಾನದ ಪ್ರವಾಸಕಥನ, ಇವು ಅದರ ಲಕ್ಷಣಗಳು. ಬಂಡೆಯನ್ನು ಗೆಲ್ಲುವುದಕ್ಕಿಂತ ದೇಶವನ್ನು ಕಾಣುವುದೇ ಅದಕ್ಕೆ ಮುಖ್ಯ. ಅದರ ರುಚಿಶುದ್ಧಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೂ ಗೇರ್‌ಬಾಕ್ಸನ್ನು ಬಿಚ್ಚಿ ನೆಲದ ಮೇಲೆ ಹರವಿ, ಒಂದೊಂದು ಬೇರಿಂಗಿನ ಸವೆತವನ್ನೂ ತೋರಿಸಿ ವಿವರಿಸುತ್ತಿದ್ದ ಹಳೆಯ ಮಾಸಪತ್ರಿಕೆಗಳ ಆ ದೀರ್ಘ ಲೇಖನಮಾಲೆಗಳ ಸ್ಥಾನವನ್ನು ಅದು ತುಂಬಲಿಲ್ಲವೆಂದೇ ನನ್ನ ಅಭಿಪ್ರಾಯ.