ಮುಂಬಯಿ ಪ್ರಾಂತದ ಅರಣ್ಯ ನಕಾಶೆ ಮತ್ತು ಸೂಪಾದ ಕುಮರಿ ಭೂಮಿ

1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಇದರ ಹಿಂದೆ ಮುಂಬಯಿಯ ಹತ್ತಿ ವರ್ತಕರ ಒತ್ತಾಯವಿತ್ತು. ಧಾರವಾಡದ ಹತ್ತಿ ಸಾಗಿಸಲು ಅವರಿಗೆ ಕಾರವಾರ ಬಂದರು ಬೇಕಾಗಿತ್ತು. ಹತ್ತಿಯ ದಾರಿಯ ಜೊತೆಗೇ ಕಾಳಿ ಕೊಳ್ಳದ ಸಾಗುವಾನಿಯೂ ಕೈಸೇರಿತು. ಹಳಿಯಾಳ, ಸೂಪಾ ಕಡೆಯ ನಾಟಾ ಕಾಳಿಯಲ್ಲಿ ತೇಲಿ ಕಾರವಾರಕ್ಕೆ ಬರುತ್ತಿತ್ತು. ಈ ಸೀಮೆಯ ನಕಾಶೆಗಳನ್ನು ಓದುವಾಗ ಈ ವ್ಯಾಪಾರವನ್ನು ಮರೆಯುವಂತಿಲ್ಲ.

ಅರಣ್ಯ ಸರ್ವೆಗೆಂದೇ ಪ್ರತ್ಯೇಕ ಶಾಖೆ ಹುಟ್ಟಿದ್ದು 1872ರಲ್ಲಿ. 1878ರ ಅರಣ್ಯ ಕಾಯ್ದೆ ಬಂದ ಮೇಲೆ ಮೀಸಲು ಕಾಡಿನ ಗಡಿಯನ್ನು ನೆಲದ ಮೇಲೂ ಕಾಗದದ ಮೇಲೂ ಗುರುತಿಸುವುದು ಅನಿವಾರ್ಯವಾಯಿತು. ಸಾಮಾನ್ಯ ಭೂನಕಾಶೆಯ ಅಳತೆ ಮೈಲಿಗೆ ಒಂದು ಅಂಗುಲ. ಅರಣ್ಯ ನಕಾಶೆಯದು ಸಾಮಾನ್ಯವಾಗಿ ನಾಲ್ಕು ಅಂಗುಲ. ಲೆಕ್ಕ ಹಾಕಿ ನೋಡಿ: ಮೊದಲನೆಯದರಲ್ಲಿ ಒಂದು ಎಕರೆ ಎಂದರೆ ಒಂದು ಮಿಲಿಮೀಟರ್ ಬದಿಯ ಚುಕ್ಕೆ, ಎರಡನೆಯದರಲ್ಲಿ ನಾಲ್ಕು ಮಿಲಿಮೀಟರ್ ಬದಿಯ ಚೌಕ. ಹಾಗಾಗಿ ಕುಮರಿ ಎಂಬ ಸರದಿ ಬೇಸಾಯದ ಹೊಲ ಬಹಳ ಸಣ್ಣದು, ನಕಾಶೆಯಲ್ಲಿ ಹಿಡಿಸದು ಎಂಬ ಮಾತು ಅರಣ್ಯ ನಕಾಶೆಯ ಮಟ್ಟಿಗೆ ನಿಲ್ಲುವುದಿಲ್ಲ.

ತೊಡಕಿದ್ದದ್ದು ಅಳತೆಯಲ್ಲಲ್ಲ, ಕಾಲದಲ್ಲಿ. ಸೂಪಾದ ಕುಣಬಿ ಸಮುದಾಯದವರು ಕಾಡು ಕಡಿದು, ಸುಟ್ಟು, ಒಂದೆರಡು ವರ್ಷ ರಾಗಿ ಬೆಳೆದು, ಆ ನೆಲವನ್ನು ಹತ್ತಾರು ವರ್ಷ ಬೀಳು ಬಿಡುತ್ತಿದ್ದರು. ಸರ್ವೆಯವನು ಬಂದ ವರ್ಷ ಬೀಳು ಬಿದ್ದಿದ್ದ ನೆಲ ಅವನ ಕಣ್ಣಿಗೆ ಕಾಡೇ. ಸರದಿಯ ಬೇಸಾಯದ ಚಕ್ರ ಒಂದು ವರ್ಷದ ನಕಾಶೆಯಲ್ಲಿ ಮೂಡುವಂಥದ್ದಲ್ಲ. ಅದನ್ನು ತೋರಿಸುವ ಒಲವೂ ಕಡಿಮೆಯಿದ್ದಿರಬೇಕು. ಮದ್ರಾಸ್ ಸರ್ಕಾರ 1860ರಲ್ಲೇ ಅನುಮತಿಯಿಲ್ಲದ ಕುಮರಿಯನ್ನು ನಿಷೇಧಿಸಿತ್ತು. ನಿಷೇಧಿಸಿದ ಬೇಸಾಯಕ್ಕೆ ನಕಾಶೆಯಲ್ಲಿ ಜಾಗ ಕೊಡುವವರಾರು? ಗಾಡಿದಾರಿ, ಹಳ್ಳ, ಗಡಿಗಲ್ಲುಗಳ ನಿಖರತೆಯನ್ನು ಮೆಚ್ಚಲೇಬೇಕು. ಆದರೆ ಆ ನಿಖರತೆಯನ್ನೇ ನಂಬಿ ಅಲ್ಲಿ ಬೇಸಾಯವೇ ಇರಲಿಲ್ಲ ಎಂದು ತೀರ್ಮಾನಿಸುವುದು ತಪ್ಪು.

ಇದು ಬರೀ ಇತಿಹಾಸದ ಚರ್ಚೆಯಲ್ಲ. ಹಿಂದಿನ ಸೂಪಾ, ಈಗಿನ ಜೋಯಿಡಾ ತಾಲ್ಲೂಕಿನಲ್ಲಿರುವ ಕುಣಬಿಗಳು ಪರಿಶಿಷ್ಟ ಪಂಗಡದ ಮಾನ್ಯತೆ ಕೇಳುತ್ತಲೇ ಬಂದಿದ್ದಾರೆ. ಆ ಮಾನ್ಯತೆಯಿಲ್ಲದವರು 2006ರ ಅರಣ್ಯ ಹಕ್ಕು ಕಾಯ್ದೆಯಡಿ 2005ರ ಡಿಸೆಂಬರ್ 13ಕ್ಕೆ ಮೊದಲಿನ ಎಪ್ಪತ್ತೈದು ವರ್ಷಗಳ ವಾಸವನ್ನು ಸಾಬೀತುಪಡಿಸಬೇಕು. ಅಂದರೆ 1930ರಿಂದಲೂ ಅಲ್ಲಿದ್ದುದಕ್ಕೆ ಪುರಾವೆ ಬೇಕು; ಆ ಕಾಲದ ದಾಖಲೆ ಇದಕ್ಕೆ ನೆರವಾಗುತ್ತದೆ. ಆಗ ಜಿಲ್ಲೆ ಮುಂಬಯಿ ಪ್ರಾಂತದಲ್ಲೇ ಇತ್ತು, 1956ರವರೆಗೂ ಮುಂಬಯಿ ಆಡಳಿತದಲ್ಲೇ ಉಳಿಯಿತು. ಮುಂಬಯಿ ಸರ್ಕಾರದ ಹಳೆಯ ಕಂದಾಯ ಕಡತಗಳು ಕೋಟೆ ಪ್ರದೇಶದ ಎಲ್ಫಿನ್‌ಸ್ಟನ್ ಕಾಲೇಜು ಕಟ್ಟಡದಲ್ಲಿರುವ ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿವೆ. ನಕಾಶೆ ಬಿಟ್ಟದ್ದನ್ನು ಕಂದಾಯದ ಪತ್ರವ್ಯವಹಾರದಲ್ಲಿ ಹುಡುಕಬೇಕು. ಕರ್ನಾಟಕ ಸರ್ಕಾರ ಉತ್ತರ ಕನ್ನಡಕ್ಕೆ ಸಂಬಂಧಿಸಿದ ಕಡತಗಳ ಪ್ರತಿ ತರಿಸಿ ಕಾರವಾರದಲ್ಲಿ ಓದಲು ಸಿಗುವಂತೆ ಮಾಡಬೇಕು.