ಸ್ಕ್ಯಾನಿಂಗ್ ರೇಟು ಹೋಲಿಸೋದು ಹೇಗೆ? ಕೇಳಲೇಬೇಕಾದ ಐದು ಪ್ರಶ್ನೆ

ಊಟ ಆದ ಮೇಲೆ ಅಮ್ಮನಿಗೆ ಹೊಟ್ಟೆಯ ಬಲಭಾಗದಲ್ಲಿ ನೋವು. ಡಾಕ್ಟರು ಅಲ್ಟ್ರಾಸೌಂಡ್ ಬರೆದುಕೊಟ್ಟರು. ‘ಬಿಡೋ, ಗ್ಯಾಸ್ಟ್ರಿಕ್ ಇರ್ಬೇಕು, ಮುಂದಿನ ತಿಂಗಳು ಮಾಡಿಸಿದ್ರಾಯ್ತು’ ಅಂದರು ಅಮ್ಮ. ನೋವಿಗಿಂತ ಬಿಲ್ಲಿನ ಚಿಂತೆಯೇ ಹೆಚ್ಚು. ಮನೆಯಲ್ಲಿ ಹೆಲ್ತ್ ಇನ್ಶೂರೆನ್ಸ್ ಇದೆ ನಿಜ. ಆದರೆ ಸಾಮಾನ್ಯ ಪಾಲಿಸಿಗಳು ಅಡ್ಮಿಟ್ ಆದರಷ್ಟೇ ಹಣ ಕೊಡುತ್ತವೆ. ಹೋಗಿ ಮಾಡಿಸಿಕೊಂಡು ಬರುವ ಸ್ಕ್ಯಾನಿಗೆ ನಮ್ಮ ಜೇಬೇ ಗತಿ.

ಬೆಂಗಳೂರಿನ ನಮ್ಮ ಏರಿಯಾದಲ್ಲಿ ಮೂರು ಕಡೆ ಫೋನ್ ಮಾಡಿದೆ. 900, 1,300, 1,900 ರೂಪಾಯಿ ಅಂದರು. ಸ್ಪೆಸಿಫಿಕೇಶನ್ ಒಂದೇ ಆಗಿರದಿದ್ದರೆ ಕೊಟೇಶನ್ ಹೋಲಿಸಬಾರದು ಅನ್ನೋದು ಇಂಜಿನಿಯರಿಂಗ್‌ನಲ್ಲಿ ಕಲಿತ ಪಾಠ. ಮತ್ತೆ ಕೇಳಿದೆ. 900 ಬರೀ ಮೇಲ್ಹೊಟ್ಟೆಗಂತೆ, ಕೆಳಹೊಟ್ಟೆಗೆ ಇನ್ನೂ 500. ಡಾಕ್ಟರು ಬರೆದಿದ್ದು ಎರಡಕ್ಕೂ. ಅಲ್ಲಿಗೆ 1,400 ಆಯ್ತು, 1,300ರದ್ದೇ ಅಗ್ಗ!

ಹಾಗಾಗಿ ‘ಸ್ಕ್ಯಾನಿಂಗ್ ಎಷ್ಟು?’ ಅಂತಷ್ಟೇ ಕೇಳಬೇಡಿ. ಇವನ್ನು ಕೇಳಿ:

1. ಚೀಟಿಯಲ್ಲಿರುವ ಪೂರ್ತಿ ಹೆಸರು ಓದಿ, ಅದಕ್ಕೇ ರೇಟು ಕೇಳಿ. ಹೊಟ್ಟೆ–ಪೆಲ್ವಿಸ್ ಸ್ಕ್ಯಾನ್ ಬೇರೆ, ಕಿಡ್ನಿ–ಮೂತ್ರಕೋಶ ನೋಡುವ ಕೆಯುಬಿ ಬೇರೆ, ರಕ್ತದ ಹರಿವು ನೋಡುವ ಡಾಪ್ಲರ್ ಬೇರೆ.
2. ರಿಜಿಸ್ಟ್ರೇಷನ್, ಫಿಲಂ, ರಿಪೋರ್ಟ್ ಎಲ್ಲ ಸೇರಿದೆಯಾ?
3. ಸ್ಕ್ಯಾನ್ ಮಾಡೋರು ರೇಡಿಯಾಲಜಿಸ್ಟಾ? ರಿಪೋರ್ಟ್ ಯಾವಾಗ ಸಿಗುತ್ತೆ?
4. ರಾತ್ರಿ, ಭಾನುವಾರಕ್ಕೆ ಬೇರೆ ರೇಟಾ?
5. ರಿಯಾಯಿತಿ ಇದೆಯಾ? ಬಿಲ್ ಕೊಡ್ತೀರಾ?

ಬಿಲ್ ಜೋಪಾನವಾಗಿಡಿ. ಅದೇ ಕಾಯಿಲೆಗೆ ಮುಂದೆ ಅಡ್ಮಿಟ್ ಆದರೆ, ಅದಕ್ಕೂ ಹಿಂದಿನ ತಪಾಸಣೆ ಖರ್ಚನ್ನೂ ಹಲವು ಪಾಲಿಸಿಗಳು ಕೊಡುತ್ತವೆ. ಆರೋಗ್ಯ ಸಂಜೀವಿನಿ ಪಾಲಿಸಿಯಲ್ಲಿ ಈ ಮಿತಿ 30 ದಿನ.

ಡಾಕ್ಟರು ಹೇಳಿದ ಸೆಂಟರಿಗೇ ಹೋಗಬೇಕು ಅಂತೇನಿಲ್ಲ. ರೋಗಿಯನ್ನು ಕಳಿಸಿದ್ದಕ್ಕೆ ಕಮಿಷನ್ ಪಡೆಯುವುದನ್ನು ವೈದ್ಯರ ವೃತ್ತಿ ನಿಯಮಗಳೇ 2002ರಿಂದ ನಿಷೇಧಿಸಿವೆ. ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ದರ ಬಹಳ ಕಡಿಮೆ, ಕಾಯಬೇಕು ಅಷ್ಟೇ. ಆದರೆ ತಡೆಯಲಾಗದ ನೋವು, ಜ್ವರ, ಕಣ್ಣು ಹಳದಿಯಾಗಿರುವುದು ಕಂಡರೆ ರೇಟು ಕೇಳುತ್ತ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ.

ನನ್ನ ತಕರಾರು ಇಷ್ಟೇ. ಖಾಸಗಿ ಆಸ್ಪತ್ರೆ, ಸೆಂಟರುಗಳು ದರಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕು ಅನ್ನುತ್ತದೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ. 2017ರ ತಿದ್ದುಪಡಿಯ ನಂತರ ದೂರು ಕೇಳಲು ಜಿಲ್ಲಾಧಿಕಾರಿ ನೇತೃತ್ವದ ಪ್ರಾಧಿಕಾರವೂ ಇದೆ. ಆದರೆ ಗೋಡೆ ಮೇಲಿನ ಪಟ್ಟಿ ನೋಡಲು ಅಲ್ಲಿಗೇ ಹೋಗಬೇಕು. ನೋವಲ್ಲಿರೋರು ಮೂರು ಮೆಟ್ಟಿಲು ಹತ್ತಿಳಿದು ಹೋಲಿಸೋಕಾಗುತ್ತಾ? ಅದೇ ಪಟ್ಟಿ ವೆಬ್‌ಸೈಟಿನಲ್ಲೂ ಇರಬೇಕು.

ಅಂದಹಾಗೆ ಅಮ್ಮನ ‘ಗ್ಯಾಸ್ಟ್ರಿಕ್’, ಪಿತ್ತಕೋಶದ ಕಲ್ಲಾಗಿತ್ತು. ಮುಂದಿನ ತಿಂಗಳವರೆಗೆ ಕಾಯದೇ ಇದ್ದಿದ್ದು ಒಳ್ಳೇದಾಯ್ತು.